ಗ್ರಾಮದೈವದ ಸ್ಥಳಾಂತರ: ಜಪಾನಿನ ದೇಗುಲ ವಿಲೀನವನ್ನು ಕುರಿತು ಒಂದು ವಿವೇಚನೆ

ಜಪಾನಿನ ಹಳ್ಳಿಗಳಲ್ಲಿ, ಬತ್ತದ ಗದ್ದೆಗಳ ನಡುವೆಯೋ ಬೆಟ್ಟದ ತಪ್ಪಲಿನಲ್ಲಿಯೋ, ಕೊಡಲಿ ತಾಗದೆ ಉಳಿದ ವೃಕ್ಷಸಮೂಹವೊಂದು ಕಣ್ಣಿಗೆ ಬೀಳುವುದುಂಟು. ಅದರ ಮುಂಭಾಗದಲ್ಲಿ 'ತೋರಿಇ' ಎಂಬ ದ್ವಾರತೋರಣವೂ ಒಳಗೆ ಚಿಕ್ಕದೊಂದು ಗುಡಿಯೂ ಇರುತ್ತವೆ. ಅಲ್ಲಿ ನೆಲೆಸಿದ ರಕ್ಷಕ ದೈವಕ್ಕೆ 'ಉಜಿಗಾಮಿ' ಅಥವಾ 'ಚಿಂಜು' ಎಂದು ಹೆಸರು. ಆ ವನಕ್ಕೆ 'ಚಿಂಜು ನೊ ಮೊರಿ' ಎಂದು ಹೆಸರು. ನಮ್ಮ ಮಾತಿನಲ್ಲಿ ಅದನ್ನು ದೇವರಕಾಡು ಎನ್ನಬಹುದು. ಇಂತಹ ದೈವವನ್ನು ಅದರ ನೆಲೆಯಿಂದ ಕದಲಿಸಲು ರಾಜ್ಯವೇ ಮುಂದಾದಾಗ ಏನಾಯಿತೆಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಉಜಿಗಾಮಿ ಎಂದರೆ ಮೂಲತಃ ಕುಲದೈವ. ಕಾಲಕ್ರಮದಲ್ಲಿ ರಕ್ತಸಂಬಂಧಕ್ಕಿಂತ ನೆಲದ ಸಂಬಂಧವೇ ಪ್ರಧಾನವಾಗಿ, ಊರಿನಲ್ಲಿ ವಾಸಿಸುವವರೆಲ್ಲರೂ ಅದರ 'ಉಜಿಕೊ', ಅಂದರೆ ದೈವದ ಮಕ್ಕಳು, ಎನಿಸಿದರು. ಹುಟ್ಟಿದ ಶಿಶುವನ್ನು ಸುಮಾರು ಒಂದು ತಿಂಗಳಿಗೆ ಆ ಗುಡಿಗೆ ಒಯ್ಯುವುದು, ವಸಂತದಲ್ಲಿ ಬೆಳೆಗಾಗಿ ಪ್ರಾರ್ಥಿಸುವುದು, ಶರತ್ಕಾಲದಲ್ಲಿ ಸುಗ್ಗಿಯ ಉತ್ಸವ ನಡೆಸುವುದು ವಾಡಿಕೆ. ಅನೇಕ ಊರುಗಳಲ್ಲಿ ಖಾಯಂ ಅರ್ಚಕನಿಲ್ಲದೆ, ಮನೆತನಗಳೇ ಸರದಿಯಂತೆ ಸೇವೆ ಸಲ್ಲಿಸುತ್ತಿದ್ದವು. ಆದುದರಿಂದ ಗುಡಿಯು ಪೂಜಾಸ್ಥಾನವಷ್ಟೇ ಅಲ್ಲದೆ ಗ್ರಾಮದ ಐಕ್ಯದ ಕೇಂದ್ರವೂ ಆಗಿದ್ದಿತು.

1889ರಲ್ಲಿ ಸರ್ಕಾರವು ಹಳೆಯ ಊರುಗಳನ್ನು ಕೂಡಿಸಿ ದೊಡ್ಡ ಆಡಳಿತ ಗ್ರಾಮಗಳನ್ನು ರಚಿಸಿತು. ಒಂದು ಗ್ರಾಮಕ್ಕೆ ಒಂದೇ ದೇಗುಲವಿರಬೇಕೆಂಬ ಧೋರಣೆ ಇದನ್ನು ಅನುಸರಿಸಿತು. 1906ರ ಆಜ್ಞೆಗಳ ಮೂಲಕ, ಆಯ್ದ ದೇಗುಲಗಳಿಗೆ ಸ್ಥಳೀಯ ಸಂಸ್ಥೆಗಳಿಂದ ಕಾಣಿಕೆ ದೊರೆಯುವುದಕ್ಕೂ, ವಿಲೀನದಿಂದ ತೆರವಾದ ಭೂಮಿಯನ್ನು ಉಳಿದ ದೇಗುಲಕ್ಕೆ ಉಚಿತವಾಗಿ ನೀಡುವುದಕ್ಕೂ ಅವಕಾಶವಾಯಿತು. ಭೂಮಿಯೊಡನೆ ಅದರ ಮೇಲಿನ ಹಳೆಯ ಮರಗಳೂ ಮಾರಾಟದ ವಸ್ತುವಾದವು. ಸುಮಾರು 1,90,000 ದೇಗುಲಗಳಲ್ಲಿ ಏಳೆಂಟು ವರ್ಷಗಳೊಳಗೆ 70,000ದಷ್ಟು ಇಲ್ಲವಾದವು. ಈಸೆಯ ಮಹಾದೇಗುಲವಿರುವ ಮಿಎ ಪ್ರಾಂತದಲ್ಲಿಯೇ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಅಳಿದುದು ಗಮನಾರ್ಹ.

ನೆರೆಯ ವಾಕಾಯಾಮಾ ಪ್ರಾಂತದಲ್ಲಿ ಇದನ್ನು ಪ್ರಬಲವಾಗಿ ವಿರೋಧಿಸಿದವರು ಮಿನಾಕಾತಾ ಕುಮಾಗುಸು (1867–1941). ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವ್ಯಾಸಂಗ ಮಾಡಿ ಮರಳಿದ ಈ ವಿದ್ವಾಂಸರು ತಾನಾಬೆಯಲ್ಲಿ ನೆಲೆಸಿ, ದೇವರಕಾಡುಗಳಲ್ಲಿ ಲೋಳೆಶಿಲೀಂಧ್ರಗಳನ್ನು ಶೋಧಿಸುತ್ತಿದ್ದರು. 1910ರಲ್ಲಿ ವಿಲೀನದ ಪರವಾದ ಅಧಿಕಾರಿಯೊಬ್ಬರನ್ನು ಕಾಣಲು ಸಭೆಯೊಂದಕ್ಕೆ ನುಗ್ಗಿ ಬಂಧನಕ್ಕೊಳಗಾದರು. ಮರುವರ್ಷ ಅವರು ಬರೆದ ಸುದೀರ್ಘ ಪತ್ರಗಳನ್ನು ಜಾನಪದ ವಿದ್ವಾಂಸ ಯಾನಾಗಿತಾ ಕುನಿಒ ಮುದ್ರಿಸಿ ಹಂಚಿದರು. ಮಿನಾಕಾತಾರ ವಾದವು ಕೇವಲ ಭಕ್ತಿಯದಲ್ಲ. ಗುಡಿ ದೂರವಾದರೆ ವೃದ್ಧರೂ ಮಕ್ಕಳೂ ಅಲ್ಲಿಗೆ ಹೋಗಲಾರರು. ಊರಿನ ಸೌಹಾರ್ದ ಕುಂದುವುದು. ವನವಳಿದರೆ ಹಕ್ಕಿಗಳು ತೊಲಗಿ ಪೈರಿಗೆ ಕೀಟಬಾಧೆ ಹೆಚ್ಚುವುದು. ಪ್ರಾಚೀನ ಅವಶೇಷಗಳೂ ಐತಿಹ್ಯಗಳೂ ನಾಶವಾಗುವುವು ಎಂದು ಅವರು ವಾದಿಸಿದರು.

1920ರಲ್ಲಿ ಮೇಲ್ಮನೆಯಲ್ಲಿ ವಿಲೀನಕ್ಕೆ ವಿರುದ್ಧವಾದ ನಿರ್ಣಯವಾಗಿ ಈ ನೀತಿ ಕೊನೆಗಂಡಿತು. ಮಿನಾಕಾತಾ ರಕ್ಷಿಸಲು ಹೋರಾಡಿದ ಕಾಶಿಮಾ ದ್ವೀಪದ ಅರಣ್ಯವನ್ನು 1929ರಲ್ಲಿ ಸ್ವತಃ ಚಕ್ರವರ್ತಿಯೇ ಸಂದರ್ಶಿಸಿದರು. 1945ರ ಡಿಸೆಂಬರಿನಲ್ಲಿ ದೇಗುಲಗಳಿಗೂ ರಾಜ್ಯಕ್ಕೂ ಇದ್ದ ಸಂಬಂಧ ಕಡಿದ ಮೇಲೆ, ಕೆಲವು ಊರಿನವರು ತಮ್ಮ ದೈವವನ್ನು ಹಳೆಯ ನೆಲೆಗೆ ಮರಳಿ ಕರೆತಂದರು.

ಮೇಲ್ಕಂಡ ಸಂಗತಿಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ದೈವವು ವಿಗ್ರಹದಂತೆ ಒಯ್ಯಬಹುದಾದ ವಸ್ತುವೆಂದು ಆಡಳಿತವು ಭಾವಿಸಿತು. ಗ್ರಾಮಸ್ಥರಿಗಾದರೋ ಮರ, ದಾರಿ, ಗದ್ದೆ, ನೆರೆಹೊರೆಗಳೆಲ್ಲವೂ ದೈವದ ಅಂಗಗಳಾಗಿದ್ದವು. ಗುಡಿಯನ್ನು ಮತ್ತೆ ಕಟ್ಟಬಹುದು. ನೂರಾರು ವರ್ಷಗಳ ವನವನ್ನು ಯಾವ ಆಜ್ಞೆಯಿಂದಲೂ ಮರಳಿ ಪಡೆಯಲಾಗದು.