ನೋಟಿಸು ಬಂದರೂ ಹೋಗದಿದ್ದರೆ?

'ಆ ಮಗು ನನ್ನದಲ್ಲ, ಕೋರ್ಟಿಗೆ ಏಕೆ ಹೋಗಲಿ?' ಎಂದು ನೋಟಿಸನ್ನು ಮಡಿಚಿ ಇಡುವವರುಂಟು. ಆದರೆ ವಿವಾಹದ ಒಳಗೆ ಹುಟ್ಟಿರಲಿ, ಹೊರಗೆ ಹುಟ್ಟಿರಲಿ, ಅಪ್ರಾಪ್ತ ಮಗುವಿಗೆ ತಂದೆಯಿಂದ ಜೀವನಾಂಶ ಕೇಳುವ ಹಕ್ಕಿದೆ. ಬೇಕೆಂದೇ ತಪ್ಪಿಸಿಕೊಂಡವನ ವಿರುದ್ಧ, ತಾಯಿಯ ಕಡೆಯ ಸಾಕ್ಷ್ಯವನ್ನಷ್ಟೇ ಕೇಳಿ ನ್ಯಾಯಾಲಯವು ಏಕಪಕ್ಷೀಯ ಆದೇಶ ನೀಡಬಹುದು.

ಮುಂದೇನು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 145ನೆಯ ಕಲಮಿನಂತೆ, ಆದೇಶದ ದಿನದಿಂದ 3 ತಿಂಗಳೊಳಗೆ ಅದನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ನೋಟಿಸು ತಲುಪಲಿಲ್ಲ, ಆಸ್ಪತ್ರೆಯಲ್ಲಿದ್ದೆ ಎಂಬಂಥ ತಕ್ಕ ಕಾರಣವನ್ನು ತೋರಿಸಬೇಕು. ಎದುರು ಪಕ್ಷದ ಖರ್ಚನ್ನೂ ಕೊಡಬೇಕಾಗಬಹುದು. ಅರ್ಜಿ ಒಪ್ಪಿಗೆಯಾದರೆ ಗೆದ್ದಂತಲ್ಲ. ವಿಚಾರಣೆ ಮತ್ತೆ ನಡೆಯುತ್ತದೆ, ಅಷ್ಟೆ.

ಆಗ ಡಿ.ಎನ್.ಎ. ಪರೀಕ್ಷೆಯ ಮಾತು ಬರುತ್ತದೆ. ಮಗುವಿನ 46 ವರ್ಣತಂತುಗಳಲ್ಲಿ 23 ತಾಯಿಯವು, 23 ತಂದೆಯವು. ವಿಜ್ಞಾನದ ಉತ್ತರ ಸ್ಪಷ್ಟವಾದರೂ ಕೇಳಿದವರಿಗೆಲ್ಲ ಅದು ಸಿಗದು. ರಕ್ತಪರೀಕ್ಷೆಗೆ ವಾಡಿಕೆಯಂತೆ ಆದೇಶಿಸಲಾಗದೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ.

ಸುಮ್ಮನೆ ಕುಳಿತರೆ ಬಾಕಿ ವಸೂಲಿಗೆ ವಾರಂಟು ಬರುತ್ತದೆ. ಆಮೇಲೂ ಕೊಡದಿದ್ದರೆ ಬಾಕಿಯಿರುವ ಪ್ರತಿ ತಿಂಗಳಿಗೆ 1 ತಿಂಗಳವರೆಗೆ ಸೆರೆವಾಸವಾಗಬಹುದು. ಇತ್ತ ತಾಯಿಗೂ ಮಗುವಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.