ಅಂಗಳಕ್ಕೆ ಬಂದ ಮಹಾಯುದ್ಧ

ಯುದ್ಧವೆಂದರೆ ರಣರಂಗದಲ್ಲಿ ಸೈನಿಕರ ನಡುವೆ ನಡೆಯುವ ಕಾಳಗ ಮಾತ್ರವೆಂದು ಹಲವರ ಭಾವನೆ. ಆದರೆ 1939ರಿಂದ 1945ರವರೆಗೆ ನಡೆದ ಎರಡನೆಯ ಮಹಾಯುದ್ಧವು ಬಾಂಬಿನ ಸದ್ದನ್ನೇ ಕೇಳದ ಊರುಗಳ ಅಡುಗೆಮನೆಯನ್ನೂ ಹೊಕ್ಕಿತು. ಪಶ್ಚಿಮ ಘಟ್ಟದ ಅಡಿಯಲ್ಲಿರುವ ಪುತ್ತೂರು, ಸುಳ್ಯ, ಕಡಬ ಪ್ರದೇಶಗಳು ಇದಕ್ಕೆ ನಿದರ್ಶನ. ಇಂದು ಇವು ಮೂರು ತಾಲ್ಲೂಕುಗಳು. ಅಂದು ಇವೆಲ್ಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಈ ಯುದ್ಧದ ಬೀಜಗಳು ಮೊದಲನೆಯ ಮಹಾಯುದ್ಧದ ಕೊನೆಯಲ್ಲಿಯೇ ಬಿತ್ತಲ್ಪಟ್ಟಿದ್ದವು. 1919ರ ವರ್ಸೇಲ್ಸ್ ಒಪ್ಪಂದವು ಸೋತ ಜರ್ಮನಿಯ ಮೇಲೆ ಭಾರಿ ಪರಿಹಾರದ ಹೊರೆ ಹೊರಿಸಿತು. 1929ರ ಆರ್ಥಿಕ ಮುಗ್ಗಟ್ಟು ಅಲ್ಲಿನ ಜನರನ್ನು ಕಂಗೆಡಿಸಿತು. ಈ ಅಸಮಾಧಾನವನ್ನೇ ಮೆಟ್ಟಿಲಾಗಿಸಿಕೊಂಡು ಹಿಟ್ಲರನು 1933ರಲ್ಲಿ ಅಧಿಕಾರಕ್ಕೇರಿದನು. ಪೂರ್ವದಲ್ಲಿ ಜಪಾನು ಸಾಮ್ರಾಜ್ಯದಾಹದಿಂದ ಚೀನದ ಮೇಲೆ ಎರಗಿತು. 1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಾಳಿಯಿಟ್ಟಿತು. ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ಅಂದೇ ವೈಸರಾಯ್ ಲಿನ್‌ಲಿತ್‌ಗೊ ಅವರು ಭಾರತೀಯರ ಅಭಿಪ್ರಾಯ ಕೇಳದೆ ಭಾರತವೂ ಯುದ್ಧದಲ್ಲಿದೆಯೆಂದು ಘೋಷಿಸಿದರು. ಇದನ್ನು ಪ್ರತಿಭಟಿಸಿ ಮದರಾಸಿನ ರಾಜಾಜಿ ಮಂತ್ರಿಮಂಡಲವೂ ಸೇರಿದಂತೆ ಪ್ರಾಂತಗಳ ಕಾಂಗ್ರೆಸ್ ಸರಕಾರಗಳು ರಾಜೀನಾಮೆ ನೀಡಿದವು.

ಮೊದಲೆರಡು ವರ್ಷ ಯುದ್ಧವು ದೂರದ ಸುದ್ದಿಯಾಗಿತ್ತು. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಬಳಿಕ ಅದು ಸಮೀಪಕ್ಕೆ ಬಂದಿತು. 1942ರ ಫೆಬ್ರವರಿಯಲ್ಲಿ ಸಿಂಗಾಪುರ, ಮಾರ್ಚಿನಲ್ಲಿ ರಂಗೂನ್ ಜಪಾನೀಯರ ವಶವಾದವು. ಏಪ್ರಿಲಿನಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬುಗಳು ಬಿದ್ದವು.

ಬರ್ಮಾದಿಂದ ಭಾರತಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಅಕ್ಕಿ ಬರುತ್ತಿತ್ತು. ಸೀಮೆಎಣ್ಣೆಯ ಬಹುಭಾಗವೂ ಅಲ್ಲಿಯದೇ. ಈ ಎರಡೂ ಒಮ್ಮೆಗೇ ನಿಂತುಹೋದವು. ಪುತ್ತೂರು ಸುಳ್ಯಗಳ ಕಣಿವೆಗಳಲ್ಲಿ ಅಡಕೆ ತೋಟಗಳೇ ಹೆಚ್ಚು. ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳ ಪದ್ಧತಿಯಿದ್ದರೂ ಮೂರಕ್ಕೂ ನೀರುಳ್ಳ ಗದ್ದೆಗಳು ಕೆಲವೇ. ಅಡಕೆ ಎಷ್ಟಿದ್ದರೇನು? ಅದನ್ನು ಮಾರಿ ಅಕ್ಕಿ ಕೊಳ್ಳಬಹುದಲ್ಲದೆ ಬೇಯಿಸಿ ಉಣ್ಣಲಾಗದು. ಅಂಗಡಿಯಲ್ಲಿ ಅಕ್ಕಿಯೇ ಇಲ್ಲದಿದ್ದರೆ ಕೈಯಲ್ಲಿರುವ ಹಣವೂ ನಿರುಪಯೋಗಿ. ಕೂಲಿಯನ್ನೇ ನಂಬಿದವರ ಪಾಡಂತೂ ಇನ್ನೂ ಕಷ್ಟ.

ಸಾಗಣೆಯ ಕಷ್ಟವೂ ಸೇರಿಕೊಂಡಿತು. ಆಗ ಪುತ್ತೂರಿಗೆ ರೈಲು ಇರಲಿಲ್ಲ. ಮಂಗಳೂರಿನಿಂದ ಸಾಮಾನುಗಳು ರಸ್ತೆಯಲ್ಲಿಯೇ ಬರಬೇಕಾಗಿತ್ತು. 1941ರಿಂದ ಪೆಟ್ರೋಲಿಗೆ ಮಿತಿ ಬಿದ್ದುದರಿಂದ ದೇಶದಲ್ಲಿ ಇದ್ದಿಲ ಅನಿಲದಿಂದ ಓಡುವ ಬಸ್ಸುಗಳು ಬಳಕೆಗೆ ಬಂದವು. ಲೋಹವೂ ಯುದ್ಧಕ್ಕೆ ಬೇಕಾಯಿತು. ತಾಮ್ರವನ್ನು ಉಳಿಸಲೆಂದು 1943ರಲ್ಲಿ ನಡುವೆ ತೂತುಳ್ಳ ಕಾಸನ್ನು ಅಚ್ಚು ಹಾಕಲಾಯಿತು. ಮಕ್ಕಳ ಕೈಗೆ ಬಂದ ಆ ಕಾಸೇ ಯುದ್ಧದ ಗುರುತಾಗಿತ್ತು.

ಸರಕಾರವು 1942ರಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿಯನ್ನು ಆರಂಭಿಸಿತು. ಪ್ರಾಂತದಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಬೆಳೆಗಾರನು ಹೆಚ್ಚುವರಿ ಧಾನ್ಯವನ್ನು ಗೊತ್ತುಪಡಿಸಿದ ಬೆಲೆಗೆ ಸರಕಾರಕ್ಕೆ ಕೊಡಬೇಕಾಯಿತು. ಇರುವುದನ್ನು ಎಲ್ಲರಿಗೂ ಹಂಚುವುದೇ ಇದರ ಉದ್ದೇಶ. ಇದರ ಬೆನ್ನಿಗೇ ಕಾಳಸಂತೆಯೂ ಹುಟ್ಟಿಕೊಂಡಿತು. ಹಂಚಿಕೆ ಕೆಟ್ಟಲ್ಲಿ ಏನಾಗುವುದೆಂಬುದನ್ನು 1943ರ ಬಂಗಾಳದ ಕ್ಷಾಮ ತೋರಿಸಿತು. ಅಲ್ಲಿ ಸುಮಾರು 30 ಲಕ್ಷ ಜನರು ಸತ್ತರು.

1945ರ ಮೇ ತಿಂಗಳಲ್ಲಿ ಜರ್ಮನಿಯೂ, ಹಿರೋಷಿಮಾ ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದ ಬಳಿಕ ಆಗಸ್ಟಿನಲ್ಲಿ ಜಪಾನೂ ಶರಣಾದವು. ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. ಮದರಾಸು ರಾಜ್ಯದಲ್ಲಿ ಆಹಾರ ನಿಯಂತ್ರಣ ತೆರವಾದುದು 1952ರಲ್ಲಿ.

ಯುದ್ಧವನ್ನು ನಿರ್ಧರಿಸಿದವರು ದೂರದ ರಾಜಧಾನಿಗಳಲ್ಲಿದ್ದರು. ಅದರ ಬೆಲೆ ತೆತ್ತವರಲ್ಲಿ ಘಟ್ಟದಡಿಯ ಕೂಲಿಯಾಳೂ ಒಬ್ಬನು. ಲೋಕದ ಶಾಂತಿಗೂ ಬಡವನ ಗಂಜಿಗೂ ಇರುವ ಸಂಬಂಧವನ್ನು ಆ ವರ್ಷಗಳು ಈ ನಾಡಿಗೆ ಕಲಿಸಿದವು.