ಎರೆಭೂಮಿಯ ಜೀಪಿಗೆ ಯಾವ ಬುಶ್?

ಲಕ್ಷ್ಮೇಶ್ವರದ ಸುತ್ತ ಡಾಂಬರು ಬಿಟ್ಟು ಹೊಲದ ದಾರಿಗಿಳಿದರೆ ಎರೆಮಣ್ಣು. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿ ಕೊರೆದ ಗುಂಡಿಗಳು ಬೇಸಿಗೆ ಹೊತ್ತಿಗೆ ಒಣಗಿ, ಅದೇ ಆಕಾರದಲ್ಲಿ ಬಿರುಸಾಗಿ ನಿಂತಿರುತ್ತವೆ. ಶಿರಹಟ್ಟಿ ದಾಟಿ ಕಪ್ಪತಗುಡ್ಡ ಹತ್ತಿದರೆ ನೆಲವೇ ಬೇರೆ: ಕೆಂಪು ಮಣ್ಣು, ಚೂಪು ಕಲ್ಲು, ಗಾಳಿಯಂತ್ರಗಳ ಬುಡದವರೆಗೆ ಏರುವ ಕಚ್ಚಾ ರಸ್ತೆ. ಇಂಥ ದಾರಿಗಳಲ್ಲಿ ದುಡಿಯುವ ಬೊಲೆರೊ, ಕ್ರೂಸರ್, ಥಾರ್‌ಗಳ ಅಡಿಯಿಂದ ಕಟಕಟ ಸದ್ದು ಬಂದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: "ಬುಶ್ ಹೋಗ್ಯಾವ್ರಿ." ಅದರ ಬೆನ್ನಿಗೇ ಈಗ ಇನ್ನೊಂದು ಪ್ರಶ್ನೆ ಏಳುತ್ತದೆ. ಮತ್ತೆ ರಬ್ಬರೇ ಹಾಕಿಸಬೇಕೋ, ಕೆಂಪು ನೀಲಿ ಬಣ್ಣದ ಪಾಲಿಯುರೆಥೇನ್ ಹಾಕಿಸಬೇಕೋ?

ಪಾಲಿ ಗಟ್ಟಿ ಎನ್ನುತ್ತಾರೆ. ಅದು ನಿಜ. ಆದರೆ ಕೊಳ್ಳುವ ಮೊದಲು ಇವೆರಡೂ ತಿರುಗುವ ಬಗೆಯನ್ನು ತಿಳಿದುಕೊಳ್ಳಬೇಕು.

ಸಸ್ಪೆನ್ಶನ್ನಿನ ತೋಳು, ಲಿಂಕ್, ಲೀಫ್ ಸ್ಪ್ರಿಂಗ್‌ಗಳು ಚಾಸಿಗೆ ಸೇರುವ ಕೀಲುಗಳಲ್ಲಿ ಬುಶ್ ಕೂತಿರುತ್ತದೆ. 'ಸೈಲೆಂಟ್ ಬ್ಲಾಕ್' ಎಂದು ಕರೆಯುವ ರಬ್ಬರ್ ಬುಶ್‌ನಲ್ಲಿ ಒಂದರೊಳಗೊಂದು ಎರಡು ಉಕ್ಕಿನ ಕೊಳವೆಗಳಿದ್ದು, ನಡುವಿನ ರಬ್ಬರ್ ಎರಡಕ್ಕೂ ಬೆಸೆದಿರುತ್ತದೆ. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಬ್ರ್ಯಾಕೆಟ್ಟಿಗೆ ಕಚ್ಚಿ ನಿಲ್ಲುತ್ತದೆ. ಹೊರಗಿನದು ತೋಳಿನ ಜೊತೆ ಆಡುತ್ತದೆ. ಗಾಲಿ ಮೇಲೆ ಕೆಳಗೆ ಹೋಗುವಾಗ ಅಲ್ಲಿ ಏನೂ ಜಾರುವುದಿಲ್ಲ, ಉಜ್ಜುವುದಿಲ್ಲ. ರಬ್ಬರೇ ತಿರುಚಿಕೊಂಡು ಮರಳುತ್ತದೆ. ಉಜ್ಜುವ ಮೈಯೇ ಇಲ್ಲವಾದ್ದರಿಂದ ಎರೆಕೆಸರು ಒಳಹೊಕ್ಕು ಸವೆಸಲು ಎಡೆಯಿಲ್ಲ.

ಹೀಗೆ ಲಕ್ಷಾಂತರ ಸಲ ತಿರುಚಿದರೂ ಅದು ಹರಿಯದಿರಲು ಕಾರಣವಿದೆ. ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ರಬ್ಬರ್ ಮರದಿಂದ ಇಳಿಸುವ ಹಾಲಿನಲ್ಲಿರುವುದು ಉದ್ದುದ್ದ ಅಣುಸರಪಳಿಗಳು. ಗಂಧಕ ಬೆರೆಸಿ ಕಾಯಿಸಿದರೆ ಅವು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಹೀಗೆ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ಬಗೆಯನ್ನು ಕಂಡುಕೊಂಡವರು ಚಾರ್ಲ್ಸ್ ಗುಡ್‌ಇಯರ್, 1839ರಲ್ಲಿ. ಜೋರಾಗಿ ಎಳೆದಾಗ ಈ ಸರಪಳಿಗಳು ಸುರುಳಿ ಬಿಚ್ಚಿ, ಸಾಲುಗೂಡಿ ಹರಳುಗಟ್ಟುತ್ತವೆ. ಬಿರುಕಿನ ತುದಿಯಲ್ಲೇ ಎಳೆತ ಹೆಚ್ಚು. ಹಾಗಾಗಿ ಹರಳು ಕಟ್ಟುವುದೂ ಅಲ್ಲೇ, ಬಿರುಕು ಮುಂದುವರಿಯದಂತೆ ತಡೆಯುವುದೂ ಅಲ್ಲೇ. ಹಾನಿಯಾಗುವ ಜಾಗದಲ್ಲೇ ಹಾನಿಯ ಹೊತ್ತಿಗೇ ಗಟ್ಟಿಗೊಳ್ಳುವ ಈ ಗುಣ ನನಗೆ ಇಂದಿಗೂ ಸೋಜಿಗ. ರಬ್ಬರಿನ ಶತ್ರುಗಳು ಎಂಜಿನ್ ಆಯಿಲ್, ಡೀಸೆಲ್ ಮತ್ತು ಗಾಳಿಯಲ್ಲಿನ ಓಝೋನ್. ಆಯಿಲ್ ಸೋರುವ ಹಳೇ ಗಾಡಿಯಲ್ಲಿ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಪಾಲಿಯುರೆಥೇನ್ ಹುಟ್ಟಿದ್ದು 1937ರಲ್ಲಿ, ಜರ್ಮನಿಯ ಲೆವರ್ಕುಸೆನ್‌ನಲ್ಲಿ, ಒಟ್ಟೊ ಬೇಯರ್ ಮತ್ತು ಸಂಗಡಿಗರ ಪ್ರಯೋಗಾಲಯದಲ್ಲಿ. ಎಣ್ಣೆಗೆ ಜಗ್ಗುವುದಿಲ್ಲ, ಬಿಗಿ ಹೆಚ್ಚು. ಗಡಸುತನ ಅಳೆಯುವ 'ಶೋರ್ ಎ' ಮಾಪಕದಲ್ಲಿ ರಬ್ಬರ್ ಬುಶ್ ಸಾಮಾನ್ಯವಾಗಿ 50ರಿಂದ 70ರ ನಡುವೆ ಇದ್ದರೆ ಪಾಲಿ 70ರಿಂದ 95ರವರೆಗೆ ಇರುತ್ತದೆ. ಆದರೆ ಹೆಚ್ಚಿನ ಪಾಲಿ ಬುಶ್‌ಗಳು ಒಳಗಿನ ಕೊಳವೆಗೆ ಬೆಸೆದಿರುವುದಿಲ್ಲ. ಅದರ ಮೇಲೆ ಜಾರುತ್ತ ತಿರುಗುತ್ತವೆ. ಎತ್ತಿನಗಾಡಿಯ ಗಾಲಿ ಅಚ್ಚಿನ ಮೇಲೆ ತಿರುಗುವ ಹಾಗೆ. ಗಾಲಿಗೆ ಕೀಲೆಣ್ಣೆ ಬೇಕಾದಂತೆ ಇದಕ್ಕೂ ಗ್ರೀಸ್ ಬೇಕು, ಅದೂ ಬುಶ್ ತಯಾರಕರು ಹೇಳಿದ್ದೇ. ಗ್ರೀಸ್ ತೊಳೆದುಹೋದರೆ ಕಿರುಗುಟ್ಟುತ್ತದೆ. ಕೆಸರು, ಮರಳು ಸಂದಿಗೆ ಸೇರಿದರೆ ಕೊಳವೆಯನ್ನೇ ಅರೆಯುತ್ತದೆ.

ಆಫ್‌ರೋಡ್ ಗಾಡಿಗೆ ಇದಕ್ಕಿಂತ ಮುಖ್ಯವಾದದ್ದು ಅಚ್ಚಿನ ಓಲಾಟ. ಒಂದು ಗಾಲಿ ಬಂಡೆ ಹತ್ತಿ ಇನ್ನೊಂದು ಗುಂಡಿಗಿಳಿದಾಗ ಇಡೀ ಅಚ್ಚು ಓರೆಯಾಗುತ್ತದೆ. ಕೀಲು ಆಗ ತಿರುಗಿದರಷ್ಟೇ ಸಾಲದು, ಪಕ್ಕಕ್ಕೂ ವಾಲಬೇಕು. ರಬ್ಬರ್ ವಾಲುತ್ತದೆ, ಪಾಲಿ ತಡೆಯುತ್ತದೆ. 2023ರಲ್ಲಿ ಇಲ್ಲಿನ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯ ಮುಂದಿನ ಅಚ್ಚನ್ನು ಎರಡು ಉದ್ದ ತೋಳುಗಳು ಹಿಡಿದಿವೆ. ಪ್ರತಿ ತೋಳಿಗೂ ಅಚ್ಚಿನ ಬಳಿ ಎರಡೆರಡು ಬುಶ್. ಅಚ್ಚು ಓರೆಯಾಗುವುದೇ ಆ ರಬ್ಬರ್ ಹಿಸುಕಿಕೊಂಡು ಎಡೆಕೊಡುವುದರಿಂದ. ಅಲ್ಲಿ ಬಿಗಿ ಪಾಲಿ ಹಾಕಿಸಿದರೆ ಗಾಲಿ ನೆಲ ಬಿಟ್ಟು ಬೇಗ ಮೇಲೇಳುತ್ತದೆ, ಹಿಡಿತ ತಪ್ಪುತ್ತದೆ. ಬುಶ್ ನುಂಗದ ಒತ್ತಡ ಬ್ರ್ಯಾಕೆಟ್ಟಿನ ಬೆಸುಗೆಗೆ ಹೋಗುತ್ತದೆ. ಬುಶ್ ಸವೆದರೆ ಬದಲಿಸಬಹುದು. ಚಾಸಿಯ ಬ್ರ್ಯಾಕೆಟ್ ಸೀಳಿದರೆ ಹೊಲದ ನಡುವೆ ಗಾಡಿ ನಿಂತೇ ಹೋಗುತ್ತದೆ.

ಪಾಲಿಗೆ ತಕ್ಕ ಜಾಗಗಳೂ ಇವೆ. ಅಚ್ಚು ಎಡಬಲಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್, ಗಾಡಿ ವಾಲದಂತೆ ತಡೆಯುವ ಆ್ಯಂಟಿ ರೋಲ್ ಬಾರ್‌ನ ಹಿಡಿಕೆ, ಬಹುಪಾಲು ಒಂದೇ ಅಡ್ಡರೇಖೆಯ ಸುತ್ತ ತಿರುಗುವ ಲೀಫ್ ಸ್ಪ್ರಿಂಗ್ ಶ್ಯಾಕಲ್. ಈರುಳ್ಳಿ ಚೀಲ ಹೇರಿಕೊಂಡು ಓಡುವ ಪಿಕಪ್‌ನ ಹಿಂಭಾಗದ ಓಲಾಟ ಶ್ಯಾಕಲ್ ಬುಶ್ ಬದಲಿಸಿದರೆ ಕಡಿಮೆಯಾಗುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚುವ ಶಿಸ್ತು ಇರಬೇಕು, ಅಷ್ಟೇ. ಉಳಿದೆಡೆ ನನ್ನ ಮತ ರಬ್ಬರಿಗೇ, ಅದರಲ್ಲೂ ಕಂಪನಿಯ ಅಸಲಿ ರಬ್ಬರಿಗೆ. ಪಾಲಿ ಹಾಕಿಸಿದ ಮರುದಿನ "ಗಾಡಿ ಹೊಸದಾದಂಗಾತು" ಎನ್ನುವವರು ಹೊಸ ಪಾಲಿಯನ್ನು ಹೋಲಿಸುವುದು ವರ್ಷಗಟ್ಟಲೆ ಸವೆದ ರಬ್ಬರಿನೊಂದಿಗೆ. ಹೊಸ ರಬ್ಬರ್ ಹಾಕಿಸಿದ್ದರೂ ಆ ಮಾತಿನ ಬಹುಪಾಲು ನಿಜವಾಗುತ್ತಿತ್ತು.

ರಬ್ಬರ್ ಬುಶ್ ಬೇಗ ಹರಿಯುವುದಕ್ಕೆ ಎಷ್ಟೋ ಸಲ ಕಾರಣ ಬೋಲ್ಟು ಬಿಗಿದ ಹೊತ್ತು. ಗಾಡಿ ಜ್ಯಾಕಿನ ಮೇಲಿದ್ದು ಗಾಲಿಗಳು ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ರಬ್ಬರಿಗೆ ಆ ಜೋತ ಸ್ಥಿತಿಯೇ ಸಹಜವಾಗುತ್ತದೆ. ಗಾಡಿ ಕೆಳಗಿಳಿಸಿದ ಕ್ಷಣದಿಂದ ಅದು ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಗುಂಡಿಯ ಏಟು ಅದರ ಮೇಲೆ ಕೂಡುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಅದರ ಪೂರ್ತಿ ಭಾರ ಗಾಲಿಗಳ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಿಸಬೇಕು. ಗ್ಯಾರೇಜಿನಲ್ಲಿ ಎದುರು ನಿಂತು ಇದನ್ನು ಕೇಳಿ ಮಾಡಿಸಿಕೊಳ್ಳಿ.

ಪಾಲಿಯೇ ಬೇಕೆಂದಾದರೆ ಅಂಗಡಿಯಲ್ಲಿ ಎರಡು ವಿಷಯ ವಿಚಾರಿಸಿ: ಶೋರ್ ಅಂಕಿ ಎಷ್ಟು, ಈಥರ್ ಮೂಲದ್ದೋ ಎಸ್ಟರ್ ಮೂಲದ್ದೋ. ಎಸ್ಟರ್ ಬಗೆಯ ಪಾಲಿ ಬಿಸಿ ಮತ್ತು ತೇವ ಕೂಡಿದಲ್ಲಿ ನೀರಿನೊಂದಿಗೆ ವರ್ತಿಸಿ ನಿಧಾನವಾಗಿ ಒಡೆಯುತ್ತದೆ. ವಾರಗಟ್ಟಲೆ ಹಸಿ ಎರೆ ಮೆತ್ತಿಕೊಂಡಿರುವ ನಮ್ಮ ಗಾಡಿಗಳಿಗೆ ಈಥರ್ ಬಗೆಯದೇ ಸರಿ.